ಎಳನೀರಿಗೆ ಎಷ್ಟು ತೂತು?

"ಮೇಡಮ್ಮೋರ ಆನೆ ಮತ್ತೆ ಮನಿಕ್ಕಂತು ಕಣ್ರಲಾ!"

ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದ ಅಷ್ಟೂ ಜನ ತಿರುಗಿ ನೋಡಿದರು. ಆನೆ ಅಂದರೆ ನನ್ನ ಗಾಡಿ. ಅದರ ಮೇಲೆ ಕೂತಿದ್ದ ಮೇಡಮ್ಮೋರು ನಾನು. ತೋಟದಿಂದ ವಾಪಸ್ ಬರುವಾಗ ಗಾಡಿ ಎರಡು ಸಲ ಕೆಮ್ಮಿ, ಒಂದು ಸಲ ನಿಟ್ಟುಸಿರು ಬಿಟ್ಟು, ದಾರಿಯ ನಡುವೆ ನಿಂತುಬಿಟ್ಟಿತ್ತು. ಆ ವಾರದಲ್ಲಿ ಅದು ನಾಲ್ಕನೇ ಸಲ.

ನಗು ಬಂತಾ? ಬರಲಿ. ಅವತ್ತು ಡೈರಿ ಮುಂದೆ ಎಲ್ಲರಿಗೂ ಬಂತು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಮೊದಲು ಗಾಡಿ ಯಾವುದು ಅಂತ ಹೇಳಿಬಿಡುತ್ತೇನೆ. ರೆಸಾರ್ಟುಗಳಲ್ಲಿ ನೋಡಿರುತ್ತೀರಿ. ನಾಲ್ಕು ದಪ್ಪ ಟೈರು, ಬೈಕಿನ ಥರದ ಹ್ಯಾಂಡಲ್ಲು, ಮಣ್ಣು ಮರಳು ಕಲ್ಲು ಯಾವುದನ್ನೂ ಲೆಕ್ಕಿಸದೆ ಹೋಗುವ ಗಾಡಿ. ಇಂಗ್ಲಿಷಿನಲ್ಲಿ ಏಟೀವಿ ಅನ್ನುತ್ತಾರೆ. (ಈ ಹೆಸರಿನಿಂದ ಪಟ್ಟ ಪಾಡು ಬೇರೆ. ಹಾಸನದ ಒಂದು ವರ್ಕ್‌ಶಾಪಿಗೆ ಫೋನ್ ಮಾಡಿ "ನಮ್ಮ ಏಟೀವಿ ಹತ್ತು ನಿಮಿಷಕ್ಕೆ ಆಫ್ ಆಗುತ್ತೆ" ಅಂದರೆ, ಆ ಕಡೆಯವನು "ಟೀವಿ ರಿಪೇರಿ ನಾವ್ ಮಾಡಲ್ಲ ಮೇಡಂ, ಪಕ್ಕದ್ ರೋಡಲ್ಲಿ ಕೇಳಿ" ಅಂದು ಇಟ್ಟುಬಿಟ್ಟ.) ನಮ್ಮೂರಿನಲ್ಲಿ ಈ ತೊಂದರೆಯೇ ಇಲ್ಲ. ಬಂದ ದಿನವೇ ಅದಕ್ಕೆ ಆನೆ ಅಂತ ಹೆಸರಿಟ್ಟರು.

ನನಗೇಕೆ ಆನೆ? ಹಳೆಯ ಓದುಗರಿಗೆ ನನ್ನ ಎಡಗಾಲಿನ ವಿಚಾರ ಗೊತ್ತು. ಹೊಸಬರಿಗೆ ಒಂದೇ ಸಾಲಿನಲ್ಲಿ ಹೇಳುತ್ತೇನೆ: ಎರಡು ವರ್ಷದವಳಿದ್ದಾಗ ಪೋಲಿಯೊ ಬಂತು, ಅವತ್ತಿನಿಂದ ಆ ಕಾಲು ನನ್ನ ಮಾತು ಕೇಳುವುದಿಲ್ಲ. ಚನ್ನರಾಯಪಟ್ಟಣದ ಕಾಲೇಜಿಗೆ ಪಾಠ ಮಾಡಲು ಹೋಗಿಬರುವುದಕ್ಕೆ ಪಕ್ಕದಲ್ಲಿ ಎರಡು ಚಕ್ರ ಹಾಕಿಸಿದ ಸ್ಕೂಟರಿದೆ. ಟಾರು ರಸ್ತೆಯಲ್ಲಿ ನನ್ನನ್ನು ಹಿಡಿಯುವವರಿಲ್ಲ. ಆದರೆ ನನ್ನ ತೋಟ ಟಾರು ರಸ್ತೆಯ ಪಕ್ಕದಲ್ಲಿಲ್ಲವಲ್ಲ?

ನಮ್ಮೂರಿರುವುದು ದಂಡಿಗನಹಳ್ಳಿ ಹೋಬಳಿಯಲ್ಲಿ. ಮನೆಯಿಂದ ತೋಟಕ್ಕೆ ಎರಡು ಕಿಲೋಮೀಟರ್ ಚಿಲ್ಲರೆ ಮಣ್ಣು ದಾರಿ. ಮೊದಲು ಡೈರಿ, ಆಮೇಲೆ ಕೆರೆ ಏರಿ, ಆಮೇಲೆ ಒಂದು ಹಳ್ಳ, ಹಳ್ಳದಾಚೆ ಕಾಲು ಹೂತುಹೋಗುವಷ್ಟು ಮರಳು. ಅಪ್ಪ ಆಸ್ತಿ ಭಾಗ ಮಾಡುವಾಗ ಆ ಹಳ್ಳದಾಚೆಯ ತೆಂಗಿನ ತೋಟವನ್ನೇ ನನ್ನ ಹೆಸರಿಗೆ ಬರೆದರು. ಊರೆಲ್ಲ ಆಡಿಕೊಂಡಿತು. "ನಡೆಯಕ್ಕಾಗ್ದೋಳ್ಗೆ ದೂರದ್ ತ್ವಾಟ ಕೊಟ್ಬುಟ್ನಲ್ಲಪ್ಪ!" ಅಂತ.

ಅಪ್ಪ ಊರಿಗೆ ಉತ್ತರ ಕೊಡಲಿಲ್ಲ. ನನ್ನನ್ನು ಕರೆದು, "ಮನೆ ಪಕ್ಕದ್ ಕೊಟ್ರೆ ನೀನು ಕಿಟಕೀಲಿ ಕುಂತ್ಕಂಡು ನೋಡ್ತೀಯ ಕಣವ್ವ. ಇದಾದ್ರೆ ಎದ್ದು ಓಗ್ಲೇಬೇಕು" ಅಂದರು.

ಹೋಗುವುದೇನೋ ಸರಿ, ಹೇಗೆ? ಎಂಟು ವರ್ಷ ನಾನು ನನ್ನ ತೋಟವನ್ನು ನೋಡಿದ್ದು ಅಣ್ಣನ ಟ್ರ್ಯಾಕ್ಟರಿನ ಹಿಂದೆ, ಗೊಬ್ಬರದ ಮೂಟೆ ಪಕ್ಕದಲ್ಲಿ ಕೂತು. ಅದೂ ಅವನಿಗೆ ಪುರುಸೊತ್ತಾದಾಗ. ಅಣ್ಣ ರುದ್ರೇಶ ನನಗಿಂತ ಐದು ವರ್ಷ ದೊಡ್ಡವನು. ನನ್ನ ಮೇಲೆ ಜೀವ ಇಟ್ಟುಕೊಂಡಿದ್ದಾನೆ. ಆದರೆ ತೋಟದಲ್ಲಿ ನಾನು ಒಂದು ಮರದ ಬುಡಕ್ಕೆ ಕೈಯಿಟ್ಟು ನಿಂತರೆ ಸಾಕು, "ನೋಡಿದ್ದಾಯ್ತಾ? ಹತ್ತು" ಅನ್ನುತ್ತಿದ್ದ. ನನ್ನ ತೋಟಕ್ಕೆ ನಾನೇ ನೆಂಟಳು!

ಹೋದ ಬೇಸಿಗೆಯಲ್ಲಿ ಅರಕಲಗೂಡಿಗೆ ಒಂದು ಮದುವೆಗೆ ಹೋಗಿದ್ದೆ. ಅಲ್ಲಿಂದ ರಾಮನಾಥಪುರಕ್ಕೆ ಹೋಗುವ ದಾರಿಯಲ್ಲಿ, ಹೊಗೆಸೊಪ್ಪು ಬೆಳೆಯುವ ಒಬ್ಬ ಗೌಡರ ಹೊಲದಲ್ಲಿ ಈ ಗಾಡಿ ಕಂಡಿತು. ಮುಚ್ಚಿಹೋದ ಯಾವುದೋ ರೆಸಾರ್ಟಿನಿಂದ ತಂದು ಸೊಪ್ಪಿನ ಹೊರೆ ಸಾಗಿಸಲು ಇಟ್ಟುಕೊಂಡಿದ್ದರು. ಹದಿನೈದು ವರ್ಷ ಹಳೆಯದು. ಒಂದು ಕಾಲದಲ್ಲಿ ಕೆಂಪು ಬಣ್ಣ ಇತ್ತಂತೆ. "ಹಳೇದೇ ಕಣಿ ಮೇಡಂ. ಆದ್ರೆ ಮೋಸ ಇಲ್ಲ" ಅಂದರು ಗೌಡರು.

ಹತ್ತಿ ಕೂತೆ. ಗೇರಿಲ್ಲ, ಕ್ಲಚ್ಚಿಲ್ಲ. ಹ್ಯಾಂಡಲ್ಲಿನ ಬಲಗಡೆ ಒಂದು ಸಣ್ಣ ಲಿವರು, ಹೆಬ್ಬೆರಳಲ್ಲಿ ಒತ್ತಿದರೆ ಹೊರಡುತ್ತದೆ. ಬ್ರೇಕೂ ಕೈಯಲ್ಲೇ. ಕಾಲಿಗೆ ಏನೂ ಕೆಲಸವಿಲ್ಲ! ಐವತ್ತೊಂದು ವರ್ಷ ಬದುಕಿದ ಮೇಲೆ, ನನ್ನ ಕಾಲಿನ ವಿಚಾರವನ್ನೇ ಎತ್ತದ ಒಂದು ವಸ್ತು ಸಿಕ್ಕಿತ್ತು. ಬಿಡುತ್ತೇನಾ?

ಆಮೇಲಿನ ಆರು ತಿಂಗಳು ಹೇಗಿತ್ತು ಅಂತ ಕೇಳಬೇಡಿ. ಡ್ರಿಪ್ಪಿನ ವಾಲ್ವು ನಾನೇ ತಿರುಗಿಸಿದೆ. ಯಾವ ಮರದ ಸುಳಿಗೆ ಹುಳ ಬಿದ್ದಿದೆ ಅಂತ ಅಣ್ಣನಿಗೆ ನಾನು ಹೇಳುವ ಹಾಗಾಯಿತು. ಕಾಲೇಜಿನಿಂದ ಬಂದವಳು ಕಾಫಿ ಕುಡಿದು, ಯಾರ ಅಪ್ಪಣೆಯೂ ಇಲ್ಲದೆ, ಯಾರ ಟ್ರ್ಯಾಕ್ಟರಿಗೂ ಕಾಯದೆ ಹೊರಟುಬಿಡುತ್ತಿದ್ದೆ. ಒಬ್ಬಳೇ. ಈ "ಒಬ್ಬಳೇ" ಅನ್ನುವ ಪದದ ರುಚಿ ಎರಡು ಕಾಲೂ ಸರಿ ಇರುವವರಿಗೆ ಗೊತ್ತಾಗುವುದಿಲ್ಲ, ಕ್ಷಮಿಸಿ.

ಆಯುಧಪೂಜೆ ಆಯಿತು ನೋಡಿ, ಅಲ್ಲಿಂದ ಶುರುವಾಯಿತು.

ಹೊರಡುವಾಗ ಗಾಡಿ ಸರಿಯಾಗೇ ಹೊರಡುತ್ತದೆ. ಹತ್ತು ಹನ್ನೊಂದು ನಿಮಿಷ ಜಬರ್ದಸ್ತಾಗಿ ಓಡುತ್ತದೆ. ಆಮೇಲೆ ಕೆಮ್ಮು. ಆಮೇಲೆ ನಿಟ್ಟುಸಿರು. ಆಮೇಲೆ ಮೌನ. ಸ್ಟಾರ್ಟರ್ ಬಟನ್ ಒತ್ತಿದರೆ ಗರಗರ ಅನ್ನುತ್ತದೆ, ಹತ್ತಿಕೊಳ್ಳುವುದಿಲ್ಲ. ದಾರಿಯಲ್ಲಿ ಹೋಗುವವರು ಯಾರಾದರೂ ಬರುತ್ತಾರೆ. "ಪೆಟ್ರೋಲ್ ಐತಾ ನೋಡ್ದ್ರಾ ಮೇಡಮ್ಮೋರೆ?" ಅನ್ನುತ್ತಾರೆ. ಟ್ಯಾಂಕಿನ ಮುಚ್ಚಳ ತೆಗೆದು ಒಂದು ಕಣ್ಣು ಮುಚ್ಚಿ ಒಳಗೆ ಇಣುಕುತ್ತಾರೆ. ಗಾಡಿಯನ್ನು ಅಲ್ಲಾಡಿಸುತ್ತಾರೆ. "ಐತಲ್ಲ!" ಅನ್ನುತ್ತಾರೆ. ಮುಚ್ಚಳ ಹಾಕುತ್ತಾರೆ. ಇನ್ನೊಂದು ಸಲ ಬಟನ್ ಒತ್ತಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟಾಗುತ್ತದೆ! ಮತ್ತೆ ಹತ್ತು ನಿಮಿಷಕ್ಕೆ ಅದೇ ಕತೆ.

ನಾನು ಎಕನಾಮಿಕ್ಸ್ ಮೇಡಂ. ಸುಮ್ಮನಿರುತ್ತೇನಾ? ಒಂದು ನೋಟ್‌ಬುಕ್ ಇಟ್ಟೆ. ಎಷ್ಟು ನಿಮಿಷ ಓಡಿತು, ಎಲ್ಲಿ ನಿಂತಿತು, ಬಿಸಿಲಿತ್ತಾ, ಮೋಡವಿತ್ತಾ, ಎಲ್ಲ ಬರೆದೆ. "ಹನ್ನೊಂದು ನಿಮಿಷ, ಹಳ್ಳ." "ಒಂಬತ್ತು ನಿಮಿಷ, ಏರಿ, ಮೂರು ಜನ ನಕ್ಕರು." ಹೀಗೆ. (ನಕ್ಕವರ ಸಂಖ್ಯೆಗೂ ಗಾಡಿ ನಿಲ್ಲುವುದಕ್ಕೂ ಸಂಬಂಧ ಕಾಣಲಿಲ್ಲ.)

ಚನ್ನರಾಯಪಟ್ಟಣದ ಶಿವಣ್ಣ ಬೈಕು, ಪಂಪು, ಸ್ಪ್ರೇಯರ್ ಎಲ್ಲವನ್ನೂ ಬಿಚ್ಚಿ ಜೋಡಿಸುವ ಮೆಕ್ಯಾನಿಕ್. ಲಗೇಜ್ ಆಟೋದಲ್ಲಿ ಗಾಡಿಯನ್ನು ಅವನ ಗ್ಯಾರೇಜಿಗೆ ಸಾಗಿಸಿದೆ. ಪಾಪ, ಮನಸ್ಸಿಟ್ಟೇ ಕೆಲಸ ಮಾಡಿದ. ಕಾರ್ಬೊರೇಟರ್ ಬಿಚ್ಚಿ ತೊಳೆದ. ಪ್ಲಗ್ಗು ಬದಲಾಯಿಸಿದ. ಏರ್ ಫಿಲ್ಟರ್ ಒದರಿದ. ಟ್ಯಾಂಕಿನ ಪೈಪು ಕಳಚಿ, ಪೆಟ್ರೋಲು ತುಂಬಿದ ಬಾಟಲಿಯೊಂದನ್ನು ಮೇಲೆ ನೇತುಹಾಕಿ, ಅದರಿಂದಲೇ ಇಂಜಿನ್ನು ಓಡಿಸಿ ನೋಡಿದ. ಎರಡು ಗಂಟೆ ಒಂದೇ ಸಮ ಓಡಿತು. ಕೊನೆಗೆ ಗಾಡಿಗೆ ವಾಟರ್ ಸರ್ವೀಸೂ ಮಾಡಿ, ಹೊಳೆಯುವ ಹಾಗೆ ಒರೆಸಿ ಕೊಟ್ಟ.

ಮನೆಗೆ ತಂದೆ. ಹತ್ತು ನಿಮಿಷ. ಕೆಮ್ಮು, ನಿಟ್ಟುಸಿರು, ಮೌನ.

ಶಿವಣ್ಣನಿಗೆ ಫೋನ್ ಮಾಡಿದೆ. ಅವನು ಬಹಳ ಮೆತ್ತಗೆ, "ಗಾಡೀಲಿ ಏನೂ ಇಲ್ಲ ಮೇಡಂ. ನನ್ತಾವ ಎಲ್ಡ್ ಗಂಟೆ ಓಡೈತೆ. ಓಡ್ಸೋರು... ಬೇಜಾರ್ ಮಾಡ್ಕಬ್ಯಾಡಿ... ಕಾಲ್ ಗೀಲ್ ಏನಾರ ತಗುಲ್ತೈತಾ ನೋಡಿ" ಅಂದ.

ನೋಡಿದಿರಾ? ಕೊನೆಗೂ ಅಲ್ಲಿಗೇ ಬಂತು!

ಈ ಕಾಲು ಎಲ್ಲದಕ್ಕೂ ಕಾರಣ ಆಗಿದ್ದು ಇವತ್ತು ನಿನ್ನೆಯದಲ್ಲ. ಏಳನೇ ಕ್ಲಾಸಿನಲ್ಲಿ ಲೆಕ್ಕದಲ್ಲಿ ಕಡಿಮೆ ಮಾರ್ಕ್ಸ್ ಬಂದಾಗ ಮೇಷ್ಟ್ರು "ಪಾಪ, ಕಾಲು ಹಾಗಿದೆಯಲ್ಲ" ಅಂದಿದ್ದರು. ಲೆಕ್ಕ ಮಾಡುವುದು ಕಾಲಿನಲ್ಲಾ? ಮೊನ್ನೆ ಮೊನ್ನೆ ಕೆಮ್ಮು ಅಂತ ಡಾಕ್ಟರ ಹತ್ತಿರ ಹೋದರೂ ಅವರು ಮೊದಲು ನೋಡಿದ್ದು ಕಾಲನ್ನೇ. ಹೆಬ್ಬೆರಳಲ್ಲಿ ಓಡುವ ಗಾಡಿ ನಿಂತರೂ ಅದಕ್ಕೆ ನನ್ನ ಎಡಗಾಲೇ ಜವಾಬ್ದಾರಿ! ಇನ್ನು ಗಾಡಿಯ ವಿಚಾರಕ್ಕೆ ಬಂದರೆ ಎಲ್ಲರ ಹತ್ತಿರವೂ ಒಂದೇ ಉತ್ತರ: "ಹಳೇದಾಯ್ತಲ್ಲ." ಹಾಸನದ ಇನ್ನೊಂದು ದೊಡ್ಡ ವರ್ಕ್‌ಶಾಪಿನವರು ಗಾಡಿಯ ವಯಸ್ಸು ಕೇಳಿದರು, ಏನಾಗುತ್ತಿದೆ ಅಂತ ಕೇಳಲಿಲ್ಲ. "ಹೊಸದು ತಗೊಳ್ಳಿ ಮೇಡಂ" ಅಂದರು. ಹಳೆಯದು ಅನ್ನುವುದು ವಯಸ್ಸು ಕಣ್ರೀ, ಕಾಯಿಲೆಯಲ್ಲ. ವಯಸ್ಸು ಹೇಳಿ ಕೈ ತೊಳೆದುಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಅಷ್ಟರಲ್ಲಿ ಹಳ್ಳದ ಪ್ರಸಂಗ ನಡೆಯಿತು. ಒಂದು ಸಂಜೆ ಗಾಡಿ ಹಳ್ಳದ ನಡುವೆಯೇ ನಿಂತಿತು. ಹಿಂದಿನ ದಿನ ಮಳೆ ಬಂದಿತ್ತು, ನೀರು ಅರ್ಧ ಟೈರಿನವರೆಗೆ ಹರಿಯುತ್ತಿತ್ತು. ಮುಚ್ಚಳ ತೆಗೆದು ಇಣುಕುವುದಕ್ಕೂ ಆ ಕಡೆ ಯಾರೂ ಬರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ನೀರಿಗಿಳಿದರೆ ನನ್ನ ಕಾಲು ನಿಲ್ಲುವುದಿಲ್ಲ. ಅಣ್ಣ ಹುಡುಕಿಕೊಂಡು ಬಂದಾಗ ನಾನು ಗಾಡಿಯ ಮೇಲೆ ಕಾಲು ಮಡಚಿ ಕೂತು ಎರಡು ಗಂಟೆಯಾಗಿತ್ತು. ಅವನು ಬೈಯಲಿಲ್ಲ. ಮೊಣಕಾಲವರೆಗೂ ಒದ್ದೆಯಾಗಿ, ನನ್ನನ್ನು ಎತ್ತಿ ದಡಕ್ಕೆ ತಂದು ಕೂರಿಸಿದ.

ಮಾರನೇ ದಿನ ಬೆಳಿಗ್ಗೆ ತಿಂಡಿಗೆ ಕೂತಾಗ ತೀರ್ಪು ಬಂತು. "ಸಾಕು ಗಿರಿಜಾ. ಭಾನುವಾರ ಗುಜರಿಯವನು ಬತ್ತಾನೆ, ಮಾತಾಡಿದೀನಿ. ಗಾಡಿ ಹೋಗ್ಲಿ. ತ್ವಾಟಾನ ಇನ್ ಮ್ಯಾಕೆ ನಾನೇ ನೋಡ್ಕತೀನಿ. ನೀನು ಮನೇಲಿ ಆರಾಮಾಗಿರು."

ಆರಾಮಾಗಿರು! ಈ ಮಾತಿಗೆ ನಾನು ಎಷ್ಟು ಹೆದರುತ್ತೇನೆ ಅಂತ ಅವನಿಗೆ ಗೊತ್ತಿಲ್ಲ. ಹಳ್ಳದ ನಡುವೆ ಕೂತಿದ್ದಾಗಲೂ ಅಷ್ಟು ಹೆದರಿರಲಿಲ್ಲ.

"ಭಾನುವಾರ ಬೆಳಿಗ್ಗೆ ನಾನು ಇದೇ ಗಾಡೀಲಿ ತೋಟಕ್ಕೆ ಹೋಗಿ, ಎಲ್ಲೂ ನಿಲ್ಲದೆ ವಾಪಸ್ ಬತ್ತೀನಿ. ಬರ್ಲಿಲ್ಲ ಅಂದ್ರೆ ಗಾಡಿ ಗುಜರಿಗೆ, ತೋಟ ನಿಂಗೆ. ಬಂದ್ರೆ ಈ ವಿಚಾರ ಮತ್ತೆ ಎತ್ತಕೂಡದು" ಅಂದೆ. ಹಟಕ್ಕೆ ಬಿದ್ದು ಅಂದುಬಿಟ್ಟೆ. ಕೈಯಲ್ಲಿ ಐದೇ ದಿನವಿತ್ತು. ಗಾಡಿಗೆ ಏನಾಗಿದೆ ಅನ್ನುವುದು ಶಿವನಿಗೇ ಗೊತ್ತು.

ರಾಮನಾಥಪುರದ ಗೌಡರಿಗೆ ಫೋನ್ ಮಾಡಿದೆ. ಫೋನು ಸ್ಪೀಕರಿನಲ್ಲಿತ್ತು. "ನಮ್ತಾವ ಒಂದ್ ದಿನಾನೂ ನಿಂತಿಲ್ಲ ಮೇಡಂ, ನಮ್ಮಪ್ಪನಾಣೆ! ದೃಷ್ಟಿ ಆಗಿರ್ಬೇಕು. ಒಸಿ ಪೂಜೆ ಗೀಜೆ ಮಾಡ್ಸಿ" ಅಂದರು.

ಅದನ್ನು ಕೇಳಿಸಿಕೊಂಡವರು ನಮ್ಮ ದೊಡ್ಡಮ್ಮ. ಹೆಸರು ನಂಜಮ್ಮ, ಅಮ್ಮನ ಅಕ್ಕ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವರು. ಅವರ ಬೆಳಗು ಶುರುವಾಗುವುದೇ ಲಿಂಗಪೂಜೆಯಿಂದ. ಪೂಜೆ ಮುಗಿಸಿ ವಿಭೂತಿ ಬಟ್ಟಲು ಹಿಡಿದು ಹೊರಟರೆ ಹೊಸ್ತಿಲು, ಹಸು, ಮೋಟರ್ ಸ್ವಿಚ್ಚು, ಫ್ರಿಜ್ಜು, ಯಾವುದೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಗೌಡರ ಮಾತು ಕೇಳಿ, "ನಾನ್ ಮಾಡ್ತಾನೇ ಇವ್ನಿ ಕಣಪ್ಪ. ಕಾರ್ತೀಕ ಬೇರೆ. ಇನ್ನೊಸಿ ಜಾಸ್ತಿ ಮಾಡ್ತೀನಿ ತಗಾ" ಅಂದರು. ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ತಪ್ಪು ಮಾಡಿದೆ.

ಶುಕ್ರವಾರ ಕಾಲೇಜಿನಲ್ಲಿ ನನ್ನ ಮುಖ ನೋಡಿ ನಮ್ಮ ಅಟೆಂಡರ್ ಒಂದು ನಂಬರ್ ಕೊಟ್ಟ. ಹೊಳೆನರಸೀಪುರದ ಜವರಪ್ಪ. ನಲವತ್ತು ವರ್ಷದಿಂದ ಪವರ್ ಟಿಲ್ಲರ್ ರಿಪೇರಿ ಮಾಡುತ್ತಿರುವವರು. ಏಟೀವಿಯನ್ನು ಕಣ್ಣಲ್ಲೂ ನೋಡಿದವರಲ್ಲ. ಆದರೂ ಫೋನ್ ಮಾಡಿದೆ. ಇನ್ನು ಕಳೆದುಕೊಳ್ಳಲು ಏನಿತ್ತು?

ಜವರಪ್ಪ ಗಾಡಿಯ ವಯಸ್ಸು ಕೇಳಲಿಲ್ಲ. ಕಂಪನಿ ಕೇಳಲಿಲ್ಲ. (ಕಾಲು ಕೇಳಲೇ ಇಲ್ಲ.) ನಾನು ನೋಟ್‌ಬುಕ್ ಓದಿ ಹೇಳುತ್ತಾ ಹೋದೆ, ಅವರು "ಹ್ಞೂಂ, ಹ್ಞೂಂ" ಅನ್ನುತ್ತಾ ಹೋದರು.

"ನಿಂತೋದ್ಮ್ಯಾಕೆ ಮೊದ್ಲು ಏನ್ ಮಾಡ್ತೀರಿ?"

"ಯಾರಾದರೂ ಬಂದು ಮುಚ್ಚಳ ತೆಗೆದು ಪೆಟ್ರೋಲ್ ಇದೆಯಾ ಅಂತ ನೋಡ್ತಾರೆ."

"ಆಮ್ಯಾಕೆ?"

"ಆಮೇಲೆ... ಸ್ಟಾರ್ಟ್ ಆಗುತ್ತೆ."

"ಮೇಡಮ್ಮೋರೆ, ನಿಮ್ದು ತೆಂಗಿನ್ ಸೀಮೆ ಅಲ್ವರಾ? ಎಳ್ನೀರ್ಗೆ ಸಣ್ ತೂತ್ ಕೊರ್ದು ಚೊಂಬಿಗೆ ಬಗ್ಗಿಸ್ತೀರಲ್ಲ, ಎಷ್ಟ್ ತೂತ್ ಮಾಡ್ತೀರಿ?"

"ಎರಡು."

"ಎಲ್ಡ್ಯಾಕೆ? ನೀರ್ ಬರಕ್ಕೆ ಒಂದ್ ಸಾಲ್ದಾ?"

"ಒಂದೇ ಮಾಡಿದರೆ ನೀರು ಕಟ್ಟಿಕೊಳ್ಳುತ್ತೆ. ಗಾಳಿ ಹೋಗೋಕೆ ಇನ್ನೊಂದು..."

ಹೇಳುತ್ತಿದ್ದ ಹಾಗೇ ಟ್ಯಾಂಕಿನ ಮುಚ್ಚಳ ಕಣ್ಣ ಮುಂದೆ ಬಂತು.

"ಅಷ್ಟೇ ಕಣಿ" ಅಂದರು ಜವರಪ್ಪ. "ಆ ಎಲ್ಡ್ನೇ ತೂತು ಎಲ್ಲೈತೆ ನೋಡ್ಕಳಿ. ಸಿಗ್ನಿಲ್ಲ ಅಂದ್ರೆ ಗಾಡಿ ತತ್ತನ್ನಿ." ಫೋನು ಇಟ್ಟರು.

ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ ಬಂದವಳೇ ಗಾಡಿ ಹತ್ತಿದೆ. ಹತ್ತು ನಿಮಿಷ, ಕೆರೆ ಏರಿ, ಕೆಮ್ಮು, ನಿಟ್ಟುಸಿರು. ಮೊದಲ ಸಲ ನನಗೆ ಅದು ನಿಂತಿದ್ದಕ್ಕೆ ಖುಷಿಯಾಯಿತು. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಇಬ್ಬರು ಎಂದಿನಂತೆ ಮುಚ್ಚಳಕ್ಕೆ ಕೈ ಹಾಕಲು ಬಂದರು. "ಮುಟ್ಟಬೇಡಿ!" ಅಂತ ಕಿರುಚಿದೆ. ಎಮ್ಮೆಗಳೂ ನಿಂತವು.

ವಾಚು ನೋಡುತ್ತಾ ಕೂತೆ. ಐದು ನಿಮಿಷ ಬಿಟ್ಟು ಬಟನ್ ಒತ್ತಿದೆ. ಇಲ್ಲ. ಹತ್ತು ನಿಮಿಷ. ಇಲ್ಲ. ಆಗ ನಾನೇ ಬಗ್ಗಿ, ಮುಚ್ಚಳವನ್ನು ಮೆಲ್ಲಗೆ ತಿರುಗಿಸಿದೆ.

ಸ್ಸ್ಸ್ಸ್... ಅಂತ ಒಂದು ಸದ್ದು. ಗಾಳಿ ಒಳಗೆ ಹೋದ ಸದ್ದು. ಇಷ್ಟು ದಿನ ಊರವರ ಮಾತಿನ ಗದ್ದಲದಲ್ಲಿ ಅದು ಕೇಳಿಸಿಯೇ ಇರಲಿಲ್ಲ. ಬಟನ್ ಒತ್ತಿದೆ. ಗಾಡಿ ಗುಡುಗಿತು!

ಮುಚ್ಚಳವನ್ನು ಅಂಗೈಯಲ್ಲಿಟ್ಟು ನೋಡಿದೆ. ಇಡೀ ಗಾಡಿ ಶಿವಣ್ಣನ ವಾಟರ್ ಸರ್ವೀಸಿನಲ್ಲಿ ತೊಳೆದುಹೋಗಿತ್ತು. ಮುಚ್ಚಳ ಒಂದನ್ನು ಬಿಟ್ಟು. ಅದರ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ, ಪಟ್ಟೆಯ ಮೇಲೆ ಪಟ್ಟೆ, ಅದರ ಮೇಲೆ ಗಂಧ, ಗಂಧದ ಮೇಲೆ ಕುಂಕುಮ, ಮೇಲಿಷ್ಟು ಧೂಳು. ಎಲ್ಲ ಸೇರಿ ಗಾರೆ ಹಾಕಿದಷ್ಟು ಗಟ್ಟಿಯಾಗಿತ್ತು. ಶಿವಣ್ಣ ಅದನ್ನು ಮುಟ್ಟಿರಲಿಲ್ಲ. ದೇವರ ಬೊಟ್ಟಿಗೆ ಪೈಪು ಹಿಡಿಯುವುದುಂಟೇ? ಅವನೂ ಶಿವಭಕ್ತ. ಅವನು ಬರೀ ಇಂಜಿನ್ನನ್ನು ಅನುಮಾನಿಸಿ ಟ್ಯಾಂಕನ್ನು ಬಿಟ್ಟು, ಗಾಳಿಯಾಡುವ ಬಾಟಲಿ ಕಟ್ಟಿ ಓಡಿಸಿದ. ಅದಕ್ಕೇ ಅಲ್ಲಿ ಓಡಿತು. ದಾರಿಯಲ್ಲಿ ಇಣುಕಿದವರೆಲ್ಲರೂ ಮುಚ್ಚಳವನ್ನು ಅಂಚಿನಲ್ಲಿ ಹುಷಾರಾಗಿ ಹಿಡಿದು ತಿರುಗಿಸಿ, ಹಾಕುವಾಗ ಬೆರಳನ್ನು ಕಣ್ಣಿಗೊತ್ತಿಕೊಂಡಿದ್ದರು. ನನ್ನ ನೋಟ್‌ಬುಕ್ಕಿನಲ್ಲಿ ಮೋಡ ಇತ್ತು, ಬಿಸಿಲಿತ್ತು, ನಕ್ಕವರಿದ್ದರು. ಬೊಟ್ಟು ಇರಲಿಲ್ಲ. ನಾನೂ ಅದನ್ನು ಗಾಡಿಯ ಭಾಗ ಅಂತ ನೋಡಿಯೇ ಇರಲಿಲ್ಲವಲ್ಲ.

ಸೆರಗಿನ ಪಿನ್ನು ತೆಗೆದೆ. "ತಪ್ಪಾಯ್ತು ಶಿವನೇ" ಅಂದುಕೊಂಡು ಕೆರೆದೆ. ಪದರ ಪದರವಾಗಿ ಎದ್ದು ಬಂತು. ಕೆಳಗೆ, ಮುಚ್ಚಳದ ನಟ್ಟನಡುವೆ, ಒಂದು ಸಣ್ಣ ತೂತು. ಅದರೊಳಗೆ ಪಿನ್ನು ಚುಚ್ಚಿದರೆ ಏನೋ ಮೆತ್ತಗೆ ಸಿಕ್ಕಿತು. ಮೀಟಿ ಎಳೆದೆ. ಕಪ್ಪಗೆ ಒಣಗಿದ ಒಂದು ಸೇವಂತಿಗೆ ತೊಟ್ಟು. ಅದರ ಹಿಂದೆ ಇನ್ನೊಂದು. ಆಮೇಲೆ ಅರ್ಧ ಚೆಂಡುಹೂವಿನ ತೊಟ್ಟು.

ಮುಚ್ಚಳವನ್ನು ಬಾಯಿಗಿಟ್ಟು ಊದಿದೆ. ಗಾಳಿ ಆ ಕಡೆಗೆ ಹೋಯಿತು. ಕೆರೆ ಏರಿಯ ಮೇಲೆ ಕೂತು ಅತ್ತೆನೋ ನಕ್ಕೆನೋ ಗೊತ್ತಿಲ್ಲ. (ಎಮ್ಮೆಯವರನ್ನು ಕೇಳಿದರೆ ಹೇಳಿಯಾರು.)

ಗಾಡಿ ತಿರುಗಿಸಿ ಮನೆಗೆ ಬಂದೆ. ದೊಡ್ಡಮ್ಮನ ಮೇಲೆ ಪಿತ್ತ ನೆತ್ತಿಗೇರಿತ್ತು. ಮೂರೂ ತೊಟ್ಟುಗಳನ್ನು ಅವರ ಮುಂದೆ ಹಿಡಿದು, "ಏನು ದೊಡ್ಡಮ್ಮ ಇದು?" ಅಂದೆ.

ಅವರು ಕನ್ನಡಕ ಹಾಕಿಕೊಂಡು ನೋಡಿದರು. "ಹೂವಿನ್ ತೊಟ್ಟು."

"ಇದನ್ನ ಮುಚ್ಚಳದ ತೂತಿಗೆ ಯಾಕೆ ಸಿಕ್ಕಿಸಿದೆ?"

"ಹೂ ಸಿಕ್ಸಕ್ಕೇ ಅಲ್ವೇನವ್ವ ಆ ತೂತು ಮಡಗಿರೋದು?" ಅಂದರು, ಬಹಳ ಸಹಜವಾಗಿ. "ನಮ್ ಟ್ರ್ಯಾಕ್ಟರ್ಗೆ ಹೂ ಮಡಗಕ್ಕೆ ಜಾಗಾನೇ ಇಲ್ಲ. ಈ ಗಾಡಿ ಮಾಡ್ದೋನು ಬುದ್ವಂತ ಕಣ, ಎಷ್ಟ್ ಅಚ್ಚುಕಟ್ಟಾಗಿ ಮಡಗವ್ನೆ ಅಂತ ನಾನು ಆಯುಧಪೂಜೆ ದಿನಾನೇ ಅಂದ್ಕಂಡೆ. ಬಾಡಿದ್ ಹೂ ಕೀಳ್ವಾಗ ತೊಟ್ಟು ಅಲ್ಲೇ ಮುರ್ಕತ್ತಿತ್ತು. ಅದ್ರ ಮ್ಯಾಲೆ ವಿಭೂತಿ ಮೆತ್ತುಬುಡ್ತಿದ್ದೆ."

"ದಿನಾನಾ?"

"ಮೊದ್ಲು ಸ್ವಾಮಾರ ಮಾತ್ರ. ಗಾಡಿ ನಿಲ್ಲಕ್ ಶುರುವಾಯ್ತಲ್ಲ, ನಿಂಗೇನಾರ ಆದಾತು ಅಂತ ಸುಕ್ರಾರಾನೂ ಮಾಡ್ದೆ. ಹಳ್ಳದಲ್ ನಿಂತ್ಮ್ಯಾಕೆ ದಿನಾ ಮಾಡ್ತಿವ್ನಿ." ದನಿ ಸಣ್ಣಗಾಯಿತು. "ನಾನ್ ಇನ್ನೇನ್ ಮಾಡಕ್ಕಾದಾತು, ಹೇಳು?"

ಬೈಯಲು ಬಂದಿದ್ದವಳು ಅವರ ಪಕ್ಕ ಕೂತೆ. ಗಾಡಿ ನಿಂತಷ್ಟೂ ಪೂಜೆ ಹೆಚ್ಚು. ಪೂಜೆ ಹೆಚ್ಚಿದಷ್ಟೂ ಗಾಡಿ ನಿಲ್ಲುವುದು ಹೆಚ್ಚು. ನನ್ನ ಗಾಡಿಯ ಉಸಿರು ಕಟ್ಟಿದ್ದು ಹಗೆಯಿಂದಲ್ಲ, ಅಕ್ಕರೆಯಿಂದ. ಹಗೆಯಾಗಿದ್ದರೆ ನಾನು ಎಂದೋ ಕಂಡುಹಿಡಿದಿರುತ್ತಿದ್ದೆ. ಅಕ್ಕರೆಯ ಮೇಲೆ ಯಾರಾದರೂ ಅನುಮಾನ ಪಡುತ್ತಾರಾ?

ಆದರೆ ಅಯ್ಯೋ ಪಾಪ ಅಂತ ಬಿಟ್ಟುಬಿಡುವ ಹೆಂಗಸು ನಾನಲ್ಲ. ದೊಡ್ಡಮ್ಮನನ್ನು ಕೈ ಹಿಡಿದು ಗಾಡಿ ಹತ್ತಿರ ಕರೆದುಕೊಂಡು ಹೋದೆ. "ಬೊಟ್ಟು ಇಲ್ಲಿಡು" ಅಂತ ಹೆಡ್‌ಲೈಟು ತೋರಿಸಿದೆ. "ಹೂ ಇಲ್ಲಿಡು" ಅಂತ ಹ್ಯಾಂಡಲ್ಲು ತೋರಿಸಿದೆ. "ಇಲ್ಲಿ ಮಾತ್ರ ಬೇಡ. ಇದು ಅದರ ಮೂಗು."

ದೊಡ್ಡಮ್ಮ ಮುಚ್ಚಳವನ್ನು ನೋಡಿದರು. ಆಮೇಲೆ ಗಲ್ಲ ಬಡಿದುಕೊಂಡು, "ಮೂಗ್ಗೆ ಹೂ ತುರ್ಕ್ಬುಟ್ನಾ ಸಿವ್ನೇ!" ಅಂದರು. ಇಬ್ಬರೂ ನಕ್ಕೆವು.

ಭಾನುವಾರ ಬೆಳಿಗ್ಗೆ ಗುಜರಿಯವನು ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಅಣ್ಣ ಜಗಲಿಯ ಮೇಲೆ ಕೈ ಕಟ್ಟಿ ನಿಂತಿದ್ದ. ಸುದ್ದಿ ಹೇಗೆ ಹಬ್ಬಿತೋ, ಡೈರಿ ಮುಂದೆ ಹಾಲು ಹಾಕಿ ಆದವರೂ ಮನೆಗೆ ಹೋಗದೆ ನಿಂತಿದ್ದರು. ನಾನು ಯಾರಿಗೂ ಏನೂ ಹೇಳಲಿಲ್ಲ. ದೊಡ್ಡಮ್ಮನಿಗೂ ಬಾಯಿ ಬಿಡಕೂಡದು ಅಂತ ತಾಕೀತು ಮಾಡಿದ್ದೆ.

ಹೆಬ್ಬೆರಳು ಒತ್ತಿದೆ. ಡೈರಿ ದಾಟಿತು. ಏರಿ ದಾಟಿತು. ಹನ್ನೊಂದನೇ ನಿಮಿಷಕ್ಕೆ ಕಿವಿಗೊಟ್ಟು ಕೆಮ್ಮಿಗೆ ಕಾದೆ, ಸುಳ್ಳೇಕೆ ಹೇಳಲಿ? ಕೆಮ್ಮಲಿಲ್ಲ. ಹಳ್ಳ ದಾಟಿತು, ಮರಳು ದಾಟಿತು. ತೋಟದೊಳಗೆ ಇಂಜಿನ್ನು ಆರಿಸದೆ ಪ್ರತಿ ಸಾಲಿನಲ್ಲೂ ಒಂದು ಸುತ್ತು ಹಾಕಿದೆ. ತೀರಿಹೋದ ಅಪ್ಪನಿಗೂ ಕೇಳಿಸಲಿ ಅಂತ ಒಂದು ಸಲ ಹಾರ್ನೂ ಹೊಡೆದೆ. ವಾಪಸ್ ಹೊರಟೆ. ಡೈರಿ ಮುಂದೆ ಬಂದಾಗ ಒಬ್ಬ, "ಆನೆ ಎದ್ಬುಡ್ತು ಕಣ್ರಲಾ!" ಅಂತ ಕೂಗಿದ. ಬೇಕೆಂದೇ ಅವರ ಮುಂದೆ ಎರಡು ಸುತ್ತು ಹೊಡೆದು ಮನೆಗೆ ಬಂದೆ.

ಗುಜರಿಯವನು ಬರಿಗೈಯಲ್ಲಿ ಹೋದ. ಅಣ್ಣ ಜಗಲಿಯಿಂದ ಇಳಿದು ಬಂದು, ಬಿಸಿಯಾಗಿದ್ದ ಗಾಡಿಯನ್ನು ಒಂದು ಸುತ್ತು ನೋಡಿದ. ಏನಾಗಿತ್ತು ಅಂತ ಕೇಳಿದ. ಹೇಳಿದೆ. ನಕ್ಕ. ಮನಸ್ಸು ಬಿಚ್ಚಿ ನಕ್ಕ. ಸೋತದ್ದಕ್ಕೆ ಅವನಿಗೆ ಬೇಜಾರಿರಲಿಲ್ಲ, ಅದು ನನಗೆ ಕಾಣುತ್ತಿತ್ತು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, ಬಹಳ ಪ್ರೀತಿಯಿಂದಲೇ ಹೇಳಿದ:

"ಆಯ್ತು ಗಿರಿಜಾ, ನೀನ್ ಗೆದ್ದೆ. ಹೋಗು, ಬೇಡ ಅನ್ನಲ್ಲ. ಆದ್ರೂ ಒಬ್ಳೇ ಹೋಗ್ಬೇಡ. ನಾಳೆಯಿಂದ ಜೊತೇಲಿ ಯಾರ್ನಾದ್ರೂ ಒಬ್ರನ್ನ ಕಳಿಸ್ತೀನಿ."

ನಾನು ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದು ಅವನ ಅಂಗೈಯಲ್ಲಿಟ್ಟು ಕೇಳಿದೆ:

"ಅಣ್ಣಾ, ನೀನೂ ಇದೇ ತೂತಿಗೆ ಹೂ ಸಿಕ್ಕಿಸ್ತಿದ್ದೀಯಲ್ಲ?"